ಒಂದೇ ಹೆಸರಿನ ಇಬ್ಬರು ಹಿರಿಯರು: ಕ್ರಯಪತ್ರ ಮೊದಲಾ, ಕೋರ್ಟ್ ಪುಸ್ತಕ ಮೊದಲಾ?

ಮ್ಯಾಸಚೂಸೆಟ್ಸ್‌ನ ಹಿಂಗ್‌ಹ್ಯಾಮ್ ಊರು ಹುಟ್ಟಿದ್ದು 1635ರಲ್ಲಿ. ಅದರ ಮೊದಮೊದಲ ದಿನಗಳಲ್ಲೇ ಅಲ್ಲಿ ನಾಲ್ಕು ಜನ ಥಾಮಸ್ ಲಿಂಕನ್ ಇದ್ದರು. ಊರಿನ ದಾಖಲೆ ಬರೆಯುವವರು ಅವರನ್ನು ಕಸುಬು ಹಿಡಿದು ಗುರುತಿಸಿದರು: ನೇಕಾರ ಥಾಮಸ್, ಪೀಪಾಯಿ ಮಾಡುವ ಥಾಮಸ್, ಗಿರಣಿ ಥಾಮಸ್, ಬೇಸಾಯದ ಥಾಮಸ್. ನೇಕಾರನ ಸಹೋದರ ಸ್ಯಾಮ್ಯುಯೆಲ್ 1637ರಲ್ಲಿ ಇಂಗ್ಲೆಂಡಿನಿಂದ ಬಂದ. ಅಧ್ಯಕ್ಷ ಅಬ್ರಹಾಂ ಲಿಂಕನ್ ಈ ಸ್ಯಾಮ್ಯುಯೆಲ್‌ನ ವಂಶದವರು. ಕಸುಬಿನ ಆ ಒಂದು ಮಾತು ದಾಖಲೆಯಲ್ಲಿ ಇಲ್ಲದೇ ಹೋಗಿದ್ದರೆ ನಾಲ್ಕು ಸಂಸಾರ ಕಲಸಿಹೋಗುತ್ತಿದ್ದವು.

ಎಲ್ಲ ಊರಿನ ಗುಮಾಸ್ತರೂ ಇಷ್ಟು ಮುತುವರ್ಜಿ ವಹಿಸಲಿಲ್ಲ. ವರ್ಜೀನಿಯಾದ ಒಂದು ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಮೂವರು ಜಾನ್ ಸ್ಮಿತ್ ಇದ್ದರೂ ಪುಸ್ತಕದಲ್ಲಿ ಬರೀ 'ಜಾನ್ ಸ್ಮಿತ್' ಅಂತಲೇ ಇರುತ್ತದೆ. ಅಮೆರಿಕದಲ್ಲಿ ಜನಗಣತಿ ಶುರುವಾದದ್ದು 1790ರಲ್ಲಿ. ಅದರಲ್ಲೂ 1850ರವರೆಗೆ ಮನೆ ಯಜಮಾನನ ಹೆಸರು ಮಾತ್ರ. ಹೆಂಡತಿ, ಮಕ್ಕಳು ಬರೀ ಲೆಕ್ಕದಲ್ಲಿ. ಹಾಗಾಗಿ ಹದಿನೆಂಟನೇ ಶತಮಾನದ ಮನುಷ್ಯನನ್ನು ಹುಡುಕಲು ಉಳಿಯುವುದು ಎರಡೇ ದೊಡ್ಡ ದಾರಿ: ಜಮೀನಿನ ಕಾಗದ, ಕೋರ್ಟಿನ ಕಾಗದ.

ಅಲ್ಲೇ ನೆಲೆಸಿದ ಕನ್ನಡದ ಮನೆಗಳಲ್ಲೂ ಈಗ ಈ ಕೆಲಸ ಎದುರಾಗುತ್ತದೆ. ಸೊಸೆಯ ಕಡೆಯವರು ಪೆನ್ಸಿಲ್ವೇನಿಯಾದವರು, ಅಳಿಯನ ಕಡೆಯವರು ಕೆಂಟಕಿಯವರು. ಮೊಮ್ಮಕ್ಕಳಿಗೆ ಎರಡೂ ಕಡೆಯ ವಂಶ ಬರೆದಿಡೋಣ ಅಂತ ಕೂತರೆ ಅಜ್ಜನ ಹೆಸರೇ ಮೊಮ್ಮಗನಿಗೆ, ದೊಡ್ಡಪ್ಪನ ಹೆಸರೇ ತಮ್ಮನ ಮಗನಿಗೆ. ಇದು ನಮಗೆ ಹೊಸದಲ್ಲ ಅಲ್ವಾ? ಇಂಥ ಗೋಜಲಲ್ಲಿ ಯಾವ ದಾಖಲೆ ಮೊದಲು ತೆಗೆಯಬೇಕು, ಯಾವುದು ಎಲ್ಲಿ ಕೈಕೊಡುತ್ತದೆ, ಅದನ್ನು ಹೇಳುತ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ನೀವು ಹುಡುಕುವ ಹಿರಿಯನಿಗೆ ಜಮೀನಿದ್ದರೆ ಕ್ರಯಪತ್ರದಿಂದ ಶುರು ಮಾಡಿ, ಇಲ್ಲದಿದ್ದರೆ ಕೋರ್ಟಿನಿಂದ. ಹೆಸರು ಇಬ್ಬರದೂ ಒಂದೇ ಇರಬಹುದು, ಒಂದೇ ಹೊಲ ಇಬ್ಬರದೂ ಆಗಿರುವುದು ಅಪರೂಪ.

ಯಾವುದನ್ನೇ ತೆರೆದರೂ ಮೊದಲು ತಿಳಿದಿರಬೇಕಾದದ್ದು

ಹಳೇ ದಾಖಲೆಯಲ್ಲಿ 'ಸೀನಿಯರ್', 'ಜೂನಿಯರ್' ಅಂದರೆ ಅಪ್ಪ-ಮಗ ಅಂತಲೇ ಅರ್ಥವಲ್ಲ. ಅದೇ ಊರಿನಲ್ಲಿ ಅದೇ ಹೆಸರಿನವರಲ್ಲಿ ವಯಸ್ಸಾದವನು ಸೀನಿಯರ್, ಚಿಕ್ಕವನು ಜೂನಿಯರ್, ಅಷ್ಟೇ. ಚಿಕ್ಕಪ್ಪ ಮತ್ತು ಅಣ್ಣನ ಮಗ ಇರಬಹುದು, ಸಂಬಂಧವೇ ಇಲ್ಲದಿರಬಹುದು. ಹಿರಿಯ ಸತ್ತರೆ ಅಥವಾ ಊರು ಬಿಟ್ಟರೆ ನಿನ್ನೆಯ ಜೂನಿಯರ್ ಇಂದಿನ ಸೀನಿಯರ್ ಆಗುತ್ತಾನೆ. ಹೀಗಾಗಿ ಈ ಪದವನ್ನು ಮನುಷ್ಯನಿಗೆ ಅಂಟಿಸಬೇಡಿ, ಇಸವಿಗೆ ಅಂಟಿಸಿ.

ಇನ್ನೊಂದು ಬಲೆ ಪಂಚಾಂಗದ್ದು. 1752ರವರೆಗೆ ಇಂಗ್ಲಿಷರ ವಸಾಹತುಗಳಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅಂದರೆ 1740ರ ನವೆಂಬರ್ ಆದ ಮೇಲೆ 1740ರ ಫೆಬ್ರವರಿ ಬರುತ್ತಿತ್ತು. ಉಯಿಲು 1740ರ ಫೆಬ್ರವರಿಯಲ್ಲಿ ಕೋರ್ಟಿಗೆ ಬಂತು, ಅದೇ ಹೆಸರಿನವನು 1740ರ ನವೆಂಬರ್‌ನಲ್ಲಿ ಜಮೀನು ಮಾರಿದ ಅಂತ ಕಂಡರೆ, 'ಸತ್ತವನು ಹೇಗೆ ಮಾರಿದ, ಇಬ್ಬರಿರಬೇಕು' ಅನಿಸುತ್ತದೆ. ಇಬ್ಬರಿಲ್ಲ. ನವೆಂಬರ್‌ನಲ್ಲಿ ಮಾರಿದ, ಫೆಬ್ರವರಿಯಲ್ಲಿ ಉಯಿಲು ಕೋರ್ಟಿಗೆ ಬರುವಷ್ಟರಲ್ಲಿ ತೀರಿಕೊಂಡಿದ್ದ. ಒಬ್ಬನನ್ನು ಸುಮ್ನೆ ಇಬ್ಬರನ್ನಾಗಿ ಸೀಳುವುದೂ ಇಬ್ಬರನ್ನು ಒಂದು ಮಾಡಿದಷ್ಟೇ ದೊಡ್ಡ ತಪ್ಪು.

ಕೌಂಟಿಯ ಗಡಿಯೂ ಒಂದೇ ಕಡೆ ನಿಲ್ಲುವುದಿಲ್ಲ. ವರ್ಜೀನಿಯಾದ ಲಿನ್‌ವಿಲ್ ಕ್ರೀಕ್ ಮೊದಲು ಆಗಸ್ಟಾ ಕೌಂಟಿಯಲ್ಲಿತ್ತು. 1778ರಲ್ಲಿ ಅದನ್ನು ಒಡೆದು ರಾಕಿಂಗ್‌ಹ್ಯಾಮ್ ಕೌಂಟಿ ಮಾಡಿದರು. ಮನುಷ್ಯ ಮನೆ ಬಿಟ್ಟು ಕದಲಿಲ್ಲ, ದಾಖಲೆ ಬೇರೆ ಕಚೇರಿಗೆ ಹೋಯಿತು. ಎರಡು ಕೌಂಟಿಯಲ್ಲಿ ಒಂದೇ ಹೆಸರು ಕಂಡ ಕೂಡಲೇ ಇಬ್ಬರು ಅನ್ನಬೇಡಿ. ಗಡಿ ಯಾವಾಗ ಬದಲಾಯಿತು ಅಂತ ನೋಡಿ.

ಕ್ರಯಪತ್ರ: ನೆಲಕ್ಕೆ ಕಟ್ಟಿಹಾಕುವ ಕಾಗದ

ನಮ್ಮ ಕ್ರಯಪತ್ರದಲ್ಲಿ ಚಕ್ಕುಬಂದಿ ಇರುತ್ತದಲ್ಲ, ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ ಅಂತ, ಅದೇ ಅಲ್ಲೂ ಇರುತ್ತದೆ. ಪೂರ್ವದ ಹಳೇ ವಸಾಹತುಗಳಲ್ಲಿ ಅದು ಹೀಗೆ ಸಾಗುತ್ತದೆ: ತೊರೆಯ ದಂಡೆಯ ಬಿಳಿ ಓಕ್ ಮರದಿಂದ ಶುರು, ಅಲ್ಲಿಂದ ಉತ್ತರ 40 ಡಿಗ್ರಿ ಪೂರ್ವಕ್ಕೆ 120 ಪೋಲ್ ಹೋದರೆ ಹಿಕರಿ ಮರ, ಅಲ್ಲಿಂದ ಇಂಥವನ ಗೆರೆ ಹಿಡಿದು ಮತ್ತೆ ಶುರುವಿನ ಮರಕ್ಕೆ. ಒಂದು ಪೋಲ್ ಅಂದರೆ 16.5 ಅಡಿ. ಗ್ರಾಫ್ ಹಾಳೆಯ ಮೇಲೆ ಇದನ್ನು ಗೆರೆ ಎಳೆದು ನೋಡಬಹುದು. ಒಬ್ಬ ಜಾನ್‌ನ ಹೊಲ ಈ ತೊರೆಯ ಬಳಿ, ಇನ್ನೊಬ್ಬ ಜಾನ್‌ನದು ಹನ್ನೆರಡು ಮೈಲಿ ಆಚೆ ಅಂತ ಕಣ್ಣಿಗೆ ಕಾಣುತ್ತದೆ. ಚಕ್ಕುಬಂದಿಯ ಅಕ್ಕಪಕ್ಕದ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಮುಂದೆ ಎಲ್ಲೇ ಆ ನೆರೆಯವರ ಜೊತೆ ಜಾನ್ ಕಂಡರೂ ಅವನು ಯಾವ ಜಾನ್ ಅಂತ ಸುಳಿವು ಸಿಗುತ್ತದೆ.

ಆದರೆ ಬಹಳ ಜನ ಕ್ರಯಪತ್ರವನ್ನು ಅರ್ಧ ಮಾತ್ರ ಓದುತ್ತಾರೆ. ಕೊಂಡ ಪತ್ರ ಸಿಕ್ಕಿತು ಅಂತ ಖುಷಿಪಟ್ಟು ನಿಲ್ಲಿಸುತ್ತಾರೆ. ನಾನು ಹೇಳುವುದು ಜಮೀನು ಹೇಗೆ ಬಂತು ಅನ್ನುವುದಕ್ಕಿಂತ ಹೇಗೆ ಹೋಯಿತು ಅಂತ ನೋಡಿ. ಒಳಗೆ ಬಂದ ಪ್ರತಿ ಎಕರೆಯೂ ಒಂದು ದಿನ ಹೊರಗೆ ಹೋಗಲೇಬೇಕು. ಮಾರಾಟ, ದಾನಪತ್ರ, ಉಯಿಲು, ವಾರಸು, ಸಾಲಕ್ಕೆ ಶೆರಿಫ್ ಹರಾಜು, ಇಷ್ಟರಲ್ಲಿ ಒಂದು. ನೂರು ಎಕರೆ ಕೊಂಡ ಜಾನ್ ಆ ನೂರು ಎಕರೆ ಮಾರುವಾಗ ಹೆಂಡತಿ ಮೇರಿ ಪಕ್ಕದಲ್ಲಿದ್ದರೆ, ಇನ್ನೊಂದು ಇನ್ನೂರು ಎಕರೆಯನ್ನು ಅದೇ ವರ್ಷ ಮಾರಿದ ಜಾನ್‌ನ ಪಕ್ಕ ಸೂಸನ್ನಾ ಇದ್ದರೆ, ಗಂಟು ಅರ್ಧ ಬಿಚ್ಚಿದಂತೆ.

ಹೆಂಡತಿ ಅಲ್ಲಿ ಬರುವುದಕ್ಕೆ ಕಾರಣವಿದೆ. ಗಂಡ ಸತ್ತರೆ ಅವನ ಜಮೀನಿನ ಮೂರನೇ ಒಂದು ಭಾಗದ ಮೇಲೆ ವಿಧವೆಗೆ ಬದುಕಿರುವವರೆಗೆ ಹಕ್ಕು. ಅದನ್ನು 'ಡೋವರ್' ಅನ್ನುತ್ತಿದ್ದರು. ಅವಳು ಬಿಟ್ಟುಕೊಡದೇ ಮಾರಿದರೆ ಕೊಂಡವನಿಗೆ ಮುಂದೆ ತಂಟೆ. ಅದಕ್ಕೇ ವರ್ಜೀನಿಯಾದಲ್ಲಿ ಗಂಡನನ್ನು ದೂರ ನಿಲ್ಲಿಸಿ, ಅವಳೊಬ್ಬಳನ್ನೇ ಕೇಳುತ್ತಿದ್ದರು: ನಿನ್ನ ಇಷ್ಟದಿಂದಲೇ ಬಿಡುತ್ತಿದ್ದೀಯಾ? ಹೆಣ್ಣಿನ ಹೆಸರು ಎಲ್ಲೂ ಸಿಗದ ಕಾಲದಲ್ಲಿ ಇದು ಸಿಗುವ ಜಾಗ. ಅಧ್ಯಕ್ಷ ಲಿಂಕನ್ ಅವರ ಅಜ್ಜ, ಅವರ ಹೆಸರೂ ಅಬ್ರಹಾಂ, 1780ರಲ್ಲಿ ಲಿನ್‌ವಿಲ್ ಕ್ರೀಕ್‌ನ ಜಮೀನು ಮಾರಿದಾಗ ಹೆಂಡತಿ ಬಾತ್‌ಶೀಬಾಳ ಹೆಸರು ಪತ್ರಕ್ಕೆ ಬಂತು. ಆ ಅಜ್ಜಿ ಯಾರು ಅನ್ನುವ ಬಗ್ಗೆ ಬಹಳ ಕಾಲ ವಾದ ನಡೆದಿತ್ತು. ಅಂಥ ವಾದದಲ್ಲಿ ಈ ಕಾಗದಕ್ಕಿರುವ ತೂಕ ಮನೆತನದ ಕತೆಗೆ ಇರುವುದಿಲ್ಲ.

ಅದೇ ವಂಶದ ಇನ್ನೊಂದು ಪತ್ರ ನನಗೆ ಅಚ್ಚುಮೆಚ್ಚು. ಲಿಂಕನ್‌ರ ಮುತ್ತಜ್ಜ ಜಾನ್ ವರ್ಜೀನಿಯಾಕ್ಕೆ ಹೋಗುವ ಮೊದಲು ಪೆನ್ಸಿಲ್ವೇನಿಯಾದಲ್ಲಿದ್ದ. 1748ರಲ್ಲಿ ಅವನು ನ್ಯೂಜೆರ್ಸಿಯಲ್ಲಿದ್ದ 300 ಎಕರೆ ಮಾರಿದ. ಅದು ತಂದೆ ಮಾರ್ಡೆಕಾಯ್ ಉಯಿಲಿನಲ್ಲಿ ಕೊಟ್ಟ ಜಮೀನು. ಜಾನ್ ಅನ್ನುವ ಹೆಸರು ಬೀದಿಗೊಂದು ಇದ್ದ ಕಾಲದಲ್ಲಿ, ಈ ಜಾನ್ ಆ ಮಾರ್ಡೆಕಾಯ್‌ನ ಮಗ ಅಂತ ಒಂದು ಪ್ರಾಂತ್ಯದ ಮನುಷ್ಯನನ್ನು ಇನ್ನೊಂದು ಪ್ರಾಂತ್ಯದ ಮನೆತನಕ್ಕೆ ಸೇರಿಸಿದ್ದು ಹೀಗೆ ಮಾರಿದ ಪತ್ರ, ಕೊಂಡ ಪತ್ರವಲ್ಲ. ಊರು ಬಿಟ್ಟು ಹೋದವನು ಹಿಂದೆ ಬಿಟ್ಟ ಜಮೀನನ್ನು ಹೊಸ ಊರಿನಿಂದ ಮಾರಿದರೆ, ಪತ್ರದಲ್ಲಿ 'ಈಗ ಇಂಥ ಕೌಂಟಿಯ ನಿವಾಸಿ' ಅಂತ ಬರೆಯುತ್ತಾರೆ. ವಲಸೆ ಹೋದ ಹಿರಿಯರನ್ನು ಹಿಡಿಯಲು ಇದಕ್ಕಿಂತ ಒಳ್ಳೇ ದಾರಿ ನನಗೆ ಗೊತ್ತಿಲ್ಲ.

ಇನ್ನು ಕ್ರಯಪತ್ರ ಎಲ್ಲಿ ಕೈಕೊಡುತ್ತದೆ? ಒಂದು, ಡೀಡ್ ಬುಕ್‌ನಲ್ಲಿ, ಅಂದರೆ ಕೌಂಟಿಯ ಕ್ರಯಪತ್ರಗಳ ಪುಸ್ತಕದಲ್ಲಿ, ಇರುವುದು ಗುಮಾಸ್ತ ನಕಲು ಮಾಡಿಕೊಂಡ ಪ್ರತಿ. ಮೂಲ ಪತ್ರ ಕೊಂಡವನ ಕೈಗೆ ಹೋಗುತ್ತಿತ್ತು. ಹಾಗಾಗಿ ಅದರಲ್ಲಿರುವ ಸಹಿಯ ಅಕ್ಷರ ಗುಮಾಸ್ತನದು. ಸಹಿ ಹೋಲಿಸಿ ನೋಡಬೇಕೆಂದರೆ ಬಾಂಡ್‌ಗಳ (ಮುಚ್ಚಳಿಕೆಗಳ) ಮೂಲ ಹಾಳೆ ಹುಡುಕಬೇಕು. ಆದರೆ ಹೆಬ್ಬೆಟ್ಟಿನ ಬದಲು ಹಾಕುತ್ತಿದ್ದ ಗುರುತನ್ನು, ಒಂದು ಗೀಟೋ ಅಕ್ಷರವೋ, ಗುಮಾಸ್ತ ಹಾಗೇ ಬರೆದುಕೊಳ್ಳುತ್ತಿದ್ದ. ಓದು ಬರಹ ಬಲ್ಲ ಜಾನ್, ಗುರುತು ಹಾಕುವ ಜಾನ್ ಬೇರೆಯಾಗುವುದು ಇಲ್ಲೇ. ಹಾಗಂತ ಮುಪ್ಪಿನಲ್ಲಿ ಕೈ ನಡುಗಿ ಗುರುತು ಹಾಕಿದವರೂ ಇದ್ದಾರೆ, ಇದೊಂದನ್ನೇ ನಂಬಿ ಕೂರಬೇಡಿ. ಎರಡು, ಒಂದೇ ಮಾರಾಟಕ್ಕೆ ಎರಡು ಪತ್ರ ಇರುತ್ತವೆ. ಮೊದಲ ದಿನ ಐದು ಶಿಲ್ಲಿಂಗ್‌ಗೆ ಗೇಣಿ ಪತ್ರ, ಮರುದಿನ ಪೂರ್ತಿ ಹಣಕ್ಕೆ ಹಕ್ಕು ಬಿಟ್ಟ ಪತ್ರ. ವರ್ಜೀನಿಯಾದಲ್ಲಿ ಇದು ಬಹಳ ಕಾಲ ನಡೆದ ಪದ್ಧತಿ. ಅದನ್ನು ಎರಡು ವ್ಯವಹಾರ ಅಂತ ಓದಿದರೆ ಲೆಕ್ಕ ತಪ್ಪುತ್ತದೆ. ಮೂರು, ಪತ್ರ ಬರೆದು ಎಷ್ಟೋ ವರ್ಷದ ಮೇಲೆ ನೋಂದಣಿ ಮಾಡಿಸಿದವರಿದ್ದಾರೆ. ಮಾಡಿಸದೇ ಬಿಟ್ಟವರೂ ಇದ್ದಾರೆ. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ಜಮೀನೇ ಇಲ್ಲದವನು ಇಲ್ಲಿ ಕಾಣುವುದೇ ಇಲ್ಲ. ಬೇರೆಯವರ ಪತ್ರಕ್ಕೆ ಸಾಕ್ಷಿ ಹಾಕಿದ್ದರೆ ಉಂಟು.

ಕೋರ್ಟಿನ ಆರ್ಡರ್ ಬುಕ್: ಬಡವನೂ ಕಾಣುವ ಜಾಗ

ಕೌಂಟಿ ಕೋರ್ಟ್ ಅಂದರೆ ಬರೀ ಜಗಳದ ಜಾಗವಲ್ಲ. ರಸ್ತೆ ರಿಪೇರಿ ಯಾರು ನೋಡಿಕೊಳ್ಳಬೇಕು, ಅನಾಥ ಮಗುವನ್ನು ಯಾರಲ್ಲಿ ಕಸುಬು ಕಲಿಯಲು ಇಡಬೇಕು, ಕಾನ್‌ಸ್ಟೇಬಲ್ ಯಾರು, ವಯಸ್ಸಾದವನಿಗೆ ತಲೆಗಂದಾಯ ಮಾಫಿ ಮಾಡಬೇಕೇ, ಎಲ್ಲ ಅಲ್ಲೇ ತೀರ್ಮಾನ. ಆರ್ಡರ್ ಬುಕ್ ಅಂದರೆ ಆ ತೀರ್ಮಾನಗಳ ಪುಸ್ತಕ, ಒಂದೊಂದು ವಿಷಯಕ್ಕೂ ಒಂದೆರಡು ಸಾಲು. ಓದಲು ಬೇಸರ ಬರುತ್ತದೆ, ನಿಜ. ಆದರೆ ಆ ಒಂದೆರಡು ಸಾಲಿನಲ್ಲಿ ಸಿಗುವುದು ಇಂಥದ್ದು: 'ಜಾನ್, ಹೆನ್ರಿಯ ಮಗ', 'ಕಮ್ಮಾರ ಜಾನ್', 'ನದಿಯಾಚೆಯ ಜಾನ್'. ರಸ್ತೆ ಕೆಲಸಕ್ಕೆ ಹಾಕಿದ ಆಳುಗಳ ಪಟ್ಟಿ ಸಿಕ್ಕರಂತೂ ಬಿಡಬೇಡಿ. ಅವರೆಲ್ಲ ಆ ರಸ್ತೆಯ ಆಸುಪಾಸಿನವರು. ಚಕ್ಕುಬಂದಿಯಲ್ಲಿ ಬರೆದಿಟ್ಟ ನೆರೆಯವರ ಹೆಸರು ಇಲ್ಲಿ ತಾಳೆಯಾದರೆ ಇದು ಅದೇ ಜಾನ್ ಅನ್ನಲು ಒಳ್ಳೇ ಆಧಾರ.

ವಯಸ್ಸು ಲೆಕ್ಕ ಹಾಕಲೂ ಕೋರ್ಟೇ ವಾಸಿ. ವರ್ಜೀನಿಯಾದಲ್ಲಿ ಗಂಡುಮಗನಿಗೆ 16 ತುಂಬಿದರೆ ತಲೆಗಂದಾಯ. ಅಪ್ಪ ಇಲ್ಲದ ಹುಡುಗ 14 ಆದ ಮೇಲೆ ತನ್ನ ಪಾಲಕನನ್ನು ತಾನೇ ಆರಿಸಿಕೊಳ್ಳಬಹುದಿತ್ತು. ಜಮೀನು ಮಾರಲು 21 ಆಗಿರಬೇಕು. ಈಗ ನೋಡಿ: 1760ರಲ್ಲಿ ಒಬ್ಬ ವಿಲಿಯಂ ಕೋರ್ಟಿಗೆ ಬಂದು ಪಾಲಕನನ್ನು ಆರಿಸಿಕೊಂಡ, 1762ರಲ್ಲಿ ಒಬ್ಬ ವಿಲಿಯಂ ಹೆಂಡತಿಯ ಜೊತೆ ಜಮೀನು ಮಾರಿದ ಅಂತ ಇಟ್ಟುಕೊಳ್ಳಿ. ಪಾಲಕ ಬೇಕಾದವನು ಆಗ 21ರ ಒಳಗಿನವನು. 19-20ರ ಆಸುಪಾಸಿನಲ್ಲಿದ್ದರೆ ಮಾತ್ರ ಇಬ್ಬರೂ ಒಬ್ಬನೇ ಇರಬಹುದು. ಅವನಿಗೆ ಆಗ 14-15 ಅಂತ ಬೇರೆ ಕಡೆ ಗೊತ್ತಾದರೆ ಇವರು ಇಬ್ಬರು, ಅನುಮಾನ ಬೇಡ.

ಆರ್ಡರ್ ಬುಕ್‌ನಲ್ಲಿ ಕೊರತೆ ಏನೆಂದರೆ 'ಏಕೆ' ಅನ್ನುವುದು ಇರುವುದಿಲ್ಲ. ಸಾಲದ ದಾವೆ, ವಜಾ, ಅಷ್ಟೇ. ಸೂಚಿಯಲ್ಲೂ ವಾದಿ-ಪ್ರತಿವಾದಿ ಮಾತ್ರ ಇದ್ದು, ಸಾಕ್ಷಿ, ಜೂರಿ, ರಸ್ತೆಯ ಆಳು ಬಿಟ್ಟುಹೋಗಿರುವುದು ಜಾಸ್ತಿ. ನಿಮಗೆ ಬೇಕಾದ ಇಪ್ಪತ್ತು ವರ್ಷವನ್ನು ಪುಟ ಪುಟ ತಿರುವಿಯೇ ಓದಬೇಕು. ಒಂದು ಉಪಕಾರ ಮಾತ್ರ ದೊಡ್ಡದು: ಕ್ರಯಪತ್ರವನ್ನು ಕೋರ್ಟಿನ ಎದುರು ಒಪ್ಪಿಕೊಂಡ ದಿನ ಇಲ್ಲೂ ಒಂದು ಸಾಲು ಬರುತ್ತದೆ. ಡೀಡ್ ಬುಕ್ ಸುಟ್ಟುಹೋಗಿ ಆರ್ಡರ್ ಬುಕ್ ಉಳಿದ ಕಡೆ ಆ ಸಾಲೇ ಗತಿ.

ಚಾನ್ಸರಿ ದಾವೆ: ಸಿಕ್ಕರೆ ಎಲ್ಲಕ್ಕಿಂತ ಮೇಲು

ಪಾಲಿನ ಜಗಳ, ಅಣ್ಣತಮ್ಮಂದಿರ ತಕರಾರು, ವಿಧವೆಯ ಹಕ್ಕು, ಇವೆಲ್ಲ ಹೋಗುತ್ತಿದ್ದದ್ದು ಚಾನ್ಸರಿ ಕೋರ್ಟಿಗೆ. ಪಾಲು ಮಾಡಬೇಕಾದರೆ ಪಾಲುದಾರರೆಲ್ಲರನ್ನೂ ಕಟಕಟೆಗೆ ಕರೆಯಬೇಕು. ಮದುವೆಯಾದ ಹೆಣ್ಣುಮಕ್ಕಳು ಗಂಡಂದಿರ ಹೆಸರಿನ ಜೊತೆ, ಸತ್ತ ಮಗನ ಮಕ್ಕಳು, ಕೆಂಟಕಿಗೋ ಟೆನೆಸ್ಸಿಗೋ ಹೋದವರು, ಎಲ್ಲರೂ ಬರುತ್ತಾರೆ. ಅಕ್ಕಪಕ್ಕದ ಮುದುಕರು ತಮ್ಮ ವಯಸ್ಸು ಹೇಳಿ ಸಾಕ್ಷಿ ನುಡಿಯುತ್ತಾರೆ. 'ಆ ಜಾನ್ ಅಲ್ಲ, ಇವನ ಚಿಕ್ಕಪ್ಪ ಜಾನ್' ಅಂತ ನೇರವಾಗಿ ಹೇಳುವ ಬಾಯಿ ಸಿಗುವುದು ಇಲ್ಲೇ. ವರ್ಜೀನಿಯಾದ ರಾಜ್ಯ ಗ್ರಂಥಾಲಯ ಚಾನ್ಸರಿ ದಾವೆಗಳ ಸೂಚಿಯನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದೆ. ಬಹಳ ಕೌಂಟಿಗಳ ಹಾಳೆಗಳ ಚಿತ್ರವೂ ಅಲ್ಲೇ ತೆರೆಯುತ್ತದೆ.

ನಿಮ್ಮ ಹಿರಿಯನ ಹೆಸರಿನಲ್ಲಿ ದಾವೆ ಇಲ್ಲದಿದ್ದರೆ ಅವನ ಹೆಂಡತಿಯ ತವರಿನ ಹೆಸರಿನಲ್ಲಿ, ಚಕ್ಕುಬಂದಿಯ ನೆರೆಯವರ ಹೆಸರಿನಲ್ಲಿ ಹುಡುಕಿ. ಜಗಳ ಅವರದ್ದಾದರೂ ಸಾಕ್ಷಿ ನಿಮ್ಮವನಿರಬಹುದು. ಒಂದು ಎಚ್ಚರಿಕೆ: ದಾವೆ ಹಾಕಿದವನು ತನಗೆ ಬೇಕಾದ ಹಾಗೆ ಕತೆ ಹೇಳುತ್ತಾನೆ. ಎದುರಾಳಿಯ ಉತ್ತರವನ್ನೂ ಕೊನೆಯ ತೀರ್ಪನ್ನೂ ಓದದೆ ಸಂಬಂಧ ಬರೆದುಕೊಳ್ಳಬೇಡಿ.

ದಾನಪತ್ರ, ಉಯಿಲು, ಚಾನ್ಸರಿ ಕಾಗದಗಳಲ್ಲಿ ಗುಲಾಮಗಿರಿಯಲ್ಲಿ ಸಿಕ್ಕಿದವರ ಹೆಸರೂ ಇರುತ್ತವೆ, ಆಸ್ತಿಯ ಪಟ್ಟಿಯಲ್ಲಿ, ಬೆಲೆ ಕಟ್ಟಿ. ಓದುವಾಗ ಸಂಕಟವಾಗುತ್ತದೆ. ಆದರೂ ಆ ಸಾಲುಗಳನ್ನು ಹಾರಿಸದೆ ಪೂರ್ತಿ ಬರೆದುಕೊಳ್ಳಿ. ಆಫ್ರಿಕನ್ ಅಮೆರಿಕನ್ ಕುಟುಂಬಗಳಿಗೆ ಅವರ ಹಿರಿಯರ ಗುರುತು ಉಳಿದಿರುವುದು ಎಷ್ಟೋ ಸಲ ಆ ಒಂದೇ ಸಾಲಿನಲ್ಲಿ. ಅವರಿಗೆ ಅದು ಸಿಗುವ ಹಾಗೆ ಇಡುವುದು ಈ ಕೆಲಸ ಮಾಡುವವರ ಹೊಣೆ.

ತೆರಿಗೆ ಪಟ್ಟಿ

ಇದು ಒಬ್ಬಂಟಿಯಾಗಿ ಏನನ್ನೂ ಸಾಬೀತು ಮಾಡುವುದಿಲ್ಲ. ಆದರೆ ವರ್ಷ ವರ್ಷವೂ ಇರುತ್ತದೆ. ವರ್ಜೀನಿಯಾದಲ್ಲಿ 1782ರಿಂದ ಜಮೀನಿನ ಪಟ್ಟಿ, ವೈಯಕ್ತಿಕ ಆಸ್ತಿಯ ಪಟ್ಟಿ ಎರಡೂ ಬೇರೆ ಬೇರೆ. ಒಂದೇ ವರ್ಷ ಎರಡು ಸಾಲಿನಲ್ಲಿ ಎರಡು ಜಾನ್ ಕಂಡರೆ ಕನಿಷ್ಠ ಇಬ್ಬರಿದ್ದರು ಅನ್ನಲು ಒಳ್ಳೇ ಆಧಾರ. ಕೆಲವು ಅಧಿಕಾರಿಗಳು ಮನೆಗೆ ಹೋದ ತಾರೀಕನ್ನೂ ಬರೆದಿದ್ದಾರೆ. ಒಂದೇ ತಾರೀಕಿನವರನ್ನು ಒಟ್ಟುಗೂಡಿಸಿದರೆ ನೆರೆಹೊರೆ ತಾನಾಗಿ ಸಿಗುತ್ತದೆ.

ವಾರಸು ಕಾನೂನು ಗೊತ್ತಿಲ್ಲದಿದ್ದರೆ ಎಲ್ಲ ದಾಖಲೆಯೂ ಅರ್ಧ

ಇಲ್ಲಿ ಪ್ರಾಂತ್ಯ ನೋಡಿ ಓದಬೇಕು. ಆ ಕಾಲದಲ್ಲಿ ಉಯಿಲಿಲ್ಲದೇ ಸತ್ತರೆ ವರ್ಜೀನಿಯಾದಲ್ಲಿ ಜಮೀನೆಲ್ಲ ಹಿರಿಮಗನಿಗೆ. ಮ್ಯಾಸಚೂಸೆಟ್ಸ್‌ನಲ್ಲಿ ಹಿರಿಮಗನಿಗೆ ಎರಡು ಪಾಲು, ಉಳಿದ ಮಕ್ಕಳಿಗೆ ಒಂದೊಂದು. ಹೀಗಾಗಿ ಮ್ಯಾಸಚೂಸೆಟ್ಸ್‌ನಲ್ಲಿ ಅಪ್ಪನ ಜಮೀನು ಮಾರುವಾಗ ಮಕ್ಕಳೆಲ್ಲ ಸಾಲಾಗಿ ಸಹಿ ಹಾಕಿರುತ್ತಾರೆ, ಒಂದೇ ಪತ್ರದಲ್ಲಿ ಮನೆತನ ಸಿಗುತ್ತದೆ. ವರ್ಜೀನಿಯಾದಲ್ಲಿ ಒಬ್ಬನೇ ಮಾರುತ್ತಾನೆ. ಅವನ ತಮ್ಮಂದಿರು ಪತ್ರದಲ್ಲಿ ಇಲ್ಲ ಅಂದಮಾತ್ರಕ್ಕೆ ತಮ್ಮಂದಿರೇ ಇರಲಿಲ್ಲ ಅಂತಲ್ಲ. ಆದರೆ ಕೊಂಡ ದಾಖಲೆ ಇಲ್ಲದ ಜಮೀನನ್ನು ಒಬ್ಬ ಜಾನ್ ಮಾರಿದರೆ, ಅದು ಹಿಂದೆ ಇನ್ನೊಬ್ಬ ಜಾನ್‌ನದಾಗಿದ್ದರೆ, ಇವನು ಅವನ ಹಿರಿಮಗ ಇರಬಹುದು ಅಂತ ಹಿಡಿದು ಹುಡುಕಲು ದಾರಿಯಾಯಿತು.

ಹಿರಿಮಗನಿಗೇ ಜಮೀನು ಅನ್ನುವ ಕಾನೂನು ವರ್ಜೀನಿಯಾದಲ್ಲಿ ಕೊನೆಯಾದದ್ದು 1787ರ ಜನವರಿ 1ಕ್ಕೆ. ಅಜ್ಜ ಅಬ್ರಹಾಂ ಲಿಂಕನ್ ಕೆಂಟಕಿಯಲ್ಲಿ ಕೊಲೆಯಾದದ್ದು 1786ರಲ್ಲಿ. ಆಗ ಕೆಂಟಕಿ ವರ್ಜೀನಿಯಾದ್ದೇ ಭಾಗ. ಹಳೇ ಕಾನೂನಿನಂತೆ ಹಿರಿಮಗ ಮಾರ್ಡೆಕಾಯ್ ವಾರಸುದಾರನಾದ. ಅಧ್ಯಕ್ಷರ ತಂದೆ ಥಾಮಸ್ ಗಂಡುಮಕ್ಕಳಲ್ಲಿ ಕಿರಿಯವನು, ಆ ಜಮೀನು ಅವನಿಗೆ ಬರಲಿಲ್ಲ. ಜಮೀನಿನ ಪುಸ್ತಕದಲ್ಲಿ ಮಾರ್ಡೆಕಾಯ್‌ನ ಹೆಸರು ಮಾತ್ರ ಕಂಡು 'ಅಬ್ರಹಾಂಗೆ ಒಬ್ಬನೇ ಮಗ' ಅಂತ ಯಾರಾದರೂ ಬರೆದುಕೊಂಡರೆ ಏನಾಗುತ್ತದೆ, ನೀವೇ ಯೋಚಿಸಿ.

ಹಾಗಾದರೆ ನಿಮ್ಮ ಗೋಜಲಿಗೆ ಯಾವುದು?

ಇಬ್ಬರಿಗೂ ಜಮೀನಿದೆ, ಒಂದೇ ಕಾಲದವರು ಅಂದರೆ ಡೀಡ್ ಬುಕ್. ಒಬ್ಬೊಬ್ಬರಿಗೂ ಬೇರೆ ಹಾಳೆ ಬೇಡ. ಹೊಲಕ್ಕೊಂದು ಹಾಳೆ ಮಾಡಿ. ಬಂದದ್ದು, ಹೋದದ್ದು, ಹೆಂಡತಿ, ಸಾಕ್ಷಿ, ಸಹಿಯೋ ಗುರುತೋ, ನೆರೆಯವರು. ಹಾಳೆಗಳು ತಾವೇ ಎರಡು ಗುಂಪಾಗುತ್ತವೆ.

ಅಪ್ಪ-ಮಗ ಒಂದೇ ಹೆಸರಿನವರು, ಒಂದೇ ಹೊಲ ಉತ್ತವರು ಅಂದರೆ ಡೀಡ್ ಬುಕ್ ಒಂದೇ ಸಾಲದು. ನೆಲವೂ ಒಂದೇ, ನೆರೆಯೂ ಒಂದೇ ಅಲ್ವಾ. ಆಗ ಬೇಕಾದದ್ದು ಆರ್ಡರ್ ಬುಕ್ ಮತ್ತು ತೆರಿಗೆ ಪಟ್ಟಿ. ಅಪ್ಪನಿಗೆ ಕಂದಾಯ ಮಾಫಿ ಆದ ವರ್ಷ, ಜೂನಿಯರ್ ಅನ್ನುವುದು ಮಾಯವಾದ ವರ್ಷ, ಹೆಂಡತಿಯ ಹೆಸರು ಬದಲಾದ ವರ್ಷ, ಇವನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ.

ಜಮೀನಿಲ್ಲದವನು ಅಂದರೆ ನೇರ ಕೋರ್ಟಿಗೆ. ಅದರಲ್ಲೂ ಜಾಮೀನು ಯಾರು ನಿಂತರು ಅಂತ ನೋಡಿ. ಸಾಲಕ್ಕೋ ಸತ್ತವನ ಆಸ್ತಿ ನೋಡಿಕೊಳ್ಳುವ ಬಾಂಡಿಗೋ ಅಪರಿಚಿತರು ಜಾಮೀನು ನಿಲ್ಲುವುದಿಲ್ಲ. ಮಾವ, ಭಾವಮೈದ, ಅಣ್ಣ ಇರುತ್ತಾರೆ. ಸತ್ತ ಮೇಲೆ ಜಗಳವಾಗಿದೆ ಅಂತ ಸುಳಿವಿದ್ದರೆ ಎಲ್ಲ ಬಿಟ್ಟು ಚಾನ್ಸರಿ.

ವಂಶ ಹುಡುಕುವ ಫ್ಯಾಮಿಲಿಸರ್ಚ್ ತಾಣದಲ್ಲಿ 2024ರಿಂದ ಕೈಬರಹವನ್ನೇ ಓದಿ ಹುಡುಕಿಕೊಡುವ ಸೌಲಭ್ಯ ಬಂದಿದೆ. ಉಚಿತ. ಸೂಚಿಯಲ್ಲಿ ಸೇರದ ಸಾಕ್ಷಿಗಳು, ನೆರೆಯವರು ಇದರಲ್ಲಿ ಸಿಗುತ್ತಾರೆ. ನಮ್ಮ ಕೆಲಸಕ್ಕೆ ಇದು ವರವೇ. ಆದರೆ ಅದು ತರುವುದು ಹೆಸರನ್ನು, ಮನುಷ್ಯನನ್ನಲ್ಲ. ಐವತ್ತು ಜಾನ್ ಸ್ಮಿತ್‌ಗಳನ್ನು ಒಂದೇ ತೆರೆಯ ಮೇಲೆ ಸುರಿಯುತ್ತದೆ. ಆದ್ದರಿಂದ ಜಾನ್ ಸ್ಮಿತ್ ಅಂತ ಹುಡುಕಬೇಡಿ. ಅವನ ನೆರೆಯ ಅಪರೂಪದ ಹೆಸರಿನವನನ್ನು, ತೊರೆಯ ಹೆಸರನ್ನು ಜೊತೆಗಿಟ್ಟು ಹುಡುಕಿ.

ಕೌಂಟಿಯ ಪುಸ್ತಕಗಳೇ ಇಲ್ಲದಿದ್ದರೆ? ವರ್ಜೀನಿಯಾದ ಕೆಲವು ಕೌಂಟಿಗಳು ಅಂತರ್ಯುದ್ಧದಲ್ಲಿ ಕಾಪಾಡಲೆಂದು ಪುಸ್ತಕಗಳನ್ನು ರಿಚ್ಮಂಡ್‌ಗೆ ಕಳಿಸಿದ್ದವು. 1865ರ ಏಪ್ರಿಲ್‌ನ ಬೆಂಕಿಯಲ್ಲಿ ಅವು ಅಲ್ಲೇ ಹೋದವು. ಅಂಥ ಕಡೆ ಕ್ರಮ ತಿರುಗಿಸಿ. ರಾಜ್ಯಕ್ಕೆ ಕಳಿಸಿದ ತೆರಿಗೆ ಪಟ್ಟಿಯ ಪ್ರತಿ ಉಳಿದಿರುತ್ತದೆ, ಮೊದಲು ಅದು. ಆಮೇಲೆ ರಾಜ್ಯವೇ ಕೊಟ್ಟ ಮೊದಲ ಜಮೀನು ಮಂಜೂರಾತಿಗಳು. ಅವು ಕೌಂಟಿಯ ಕಪಾಟಿನಲ್ಲಿ ಇರಲಿಲ್ಲ, ಹಾಗಾಗಿ ಸುಡಲಿಲ್ಲ. ಆಮೇಲೆ ಪಕ್ಕದ ಕೌಂಟಿಯ ಡೀಡ್ ಬುಕ್. ಗಡಿಯಲ್ಲಿ ಬದುಕಿದವರು ಎರಡೂ ಕಡೆ ಹೊಲ ಮಾಡಿರುತ್ತಿದ್ದರು.